ಒಂದು ನಿಮಿಷ ಮಗ್ಗ ನಿಲ್ಲಿಸಿ

ನಾನು ಒಂದು ಉಸಿರೆಣಿಕೆಯ ಗಡಿಯಾರ. ಗಡಿಯಾರ ಎಂದರೂ ನನಗೆ ಮುಳ್ಳಿಲ್ಲ, ಅಂಕಿಯಿಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಬಿಳಿ ಪ್ಲಾಸ್ಟಿಕ್ಕಿನ ಬಿಲ್ಲೆ, ನಡುವೆ ಒಂದೇ ಗುಂಡಿ, ಕೊರಳಿಗೆ ಹಾಕಿಕೊಳ್ಳಲು ಒಂದು ದಾರ. ಗುಂಡಿ ಒತ್ತಿದರೆ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತೇನೆ. ಅರ್ಧ ನಿಮಿಷಕ್ಕೆ ಒಂದು ಸಲ ಕೂಗುತ್ತೇನೆ, ಪೂರ್ತಿ ನಿಮಿಷಕ್ಕೆ ಎರಡು ಸಲ. ನನಗೆ ಬರುವ ವಿದ್ಯೆ ಇಷ್ಟೇ.

ಯಾವುದೋ ದೂರದ ಕಾರ್ಖಾನೆಯಲ್ಲಿ, ಉದ್ದನೆಯ ಮೇಜಿನ ಮೇಲೆ, ನನ್ನ ಹೊಟ್ಟೆಯಲ್ಲಿ ಬ್ಯಾಟರಿ ಇಟ್ಟು ಮುಚ್ಚಳ ಬೆಸೆದರು. ಮತ್ತೆ ತೆರೆಯುವಂತಿಲ್ಲ. ಹುಟ್ಟುವಾಗಲೇ ಆಯುಷ್ಯ ನಿಗದಿಯಾದ ಜೀವ ನನ್ನದು. ನೂರಾರು ಒಡಹುಟ್ಟಿದವರ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿ ಬಂದು, ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರಿನ ಆರೋಗ್ಯ ಉಪಕೇಂದ್ರಕ್ಕೆ ಸೇರಿದೆ.

ನನ್ನ ಮೊದಲ ಯಜಮಾನಿ ಅನಸೂಯಾ ಸಿಸ್ಟರ್. ಸರಕಾರದ ಸಾಮಾನು, ಕಳೆದುಹೋದರೆ ಉತ್ತರ ಹೇಳುವವರು ಯಾರು ಎಂದು ನನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೇಲಧಿಕಾರಿ ಬಂದ ದಿನ ಹೊರಗೆ ತೆಗೆದು ಒರೆಸಿ ಮೇಜಿನ ಮೇಲಿಡುತ್ತಿದ್ದರು. ಅವರ ಜೀಪು ಹೊರಟ ಮೇಲೆ ಮತ್ತೆ ಕಪಾಟು. ಕೆಟ್ಟ ಹೆಂಗಸಲ್ಲ. ನಿವೃತ್ತಿಯ ದಿನ ಬೀಗದ ಕೈಯನ್ನು ಹೊಸಬರ ಕೈಗಿಡುತ್ತ, "ಎಲ್ಲಾ ಹೊಸಾದ ಹೊಸಾದಂಗ ಇಟ್ಟೇನವ್ವ" ಎಂದು ಹೆಮ್ಮೆಯಿಂದ ಹೇಳಿದರು. ಹೊಸಬರಾದ ಇಂದುಮತಿ ಸಿಸ್ಟರ್ ನಕ್ಕರು. "ಅದ ನೋಡ್ರಿ ನಮ್ಮ ದೊಡ್ಡ ಪಾಪ" ಎಂದು ಅವತ್ತೇ ನನ್ನನ್ನು ಕೊರಳಿಗೆ ಹಾಕಿಕೊಂಡರು.

ಅಲ್ಲಿಂದ ನನ್ನ ಬದುಕು ಶುರುವಾಯಿತು. ತೊಟ್ಟಿಲಿನ ಪಕ್ಕ ಸಿಸ್ಟರ್ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಕೂಸಿನ ಅಂಗಿ ಎತ್ತಿ, ಅಳು ನಿಲ್ಲುವವರೆಗೆ ಕಾದು, ನನ್ನ ಗುಂಡಿ ಒತ್ತುತ್ತಿದ್ದರು. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ ಅರವತ್ತು, ವರ್ಷದೊಳಗಿನದಕ್ಕೆ ಐವತ್ತು, ಐದು ವರ್ಷದೊಳಗಿನದಕ್ಕೆ ನಲವತ್ತು. ಆ ಗೆರೆ ಮುಟ್ಟಿದರೆ ಉಸಿರು ಜೋರಾಗಿದೆ ಎಂದರ್ಥ. ಕೊಳವೆಯಂತಹ ಇನ್ನೊಂದು ಸಾಮಾನು, ಥರ್ಮಾಮೀಟರು, ಅದೇ ಚೀಲದಲ್ಲಿತ್ತು. ಎಲ್ಲರೂ ಅದನ್ನೇ ಕೇಳುತ್ತಿದ್ದರು. ಜ್ವರ ಎಷ್ಟೈತ್ರಿ? ಉಸಿರು ಎಷ್ಟು ಎಂದು ಯಾರೂ ಕೇಳಿದ್ದಿಲ್ಲ.

ಒಂದು ಗುರುವಾರ ದ್ರಾಕ್ಷಾಯಣಿ ಎಂಬ ಹೊಸ ತಾಯಿ ಮೂರೂವರೆ ತಿಂಗಳ ಮಗಳಿಗೆ ಲಸಿಕೆ ಹಾಕಿಸಲು ಬಂದಳು. ಹೊರಗೆ ಇಪ್ಪತ್ತು ತಾಯಂದಿರ ಸಾಲು. ಸಿಸ್ಟರ್ ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದರು.

"ಜ್ವರ ಬರ್ತೈತಿ. ಅಂಜಬ್ಯಾಡ. ಈ ಔಷಧ ಹಾಕು, ಇಳಿತೈತಿ."

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಲಸಿಕೆಯ ಜ್ವರ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಗದಿದ್ದರೆ ಏನು ನೋಡಬೇಕು ಎಂಬುದನ್ನು ಅವತ್ತಿನ ಗಡಿಬಿಡಿಯಲ್ಲಿ ಅವರು ಹೇಳಲಿಲ್ಲ.

ಸೋಮವಾರ ಮಧ್ಯಾಹ್ನ ಬಸುರಿಯೊಬ್ಬಳನ್ನು ನೋಡಲು ಅದೇ ಓಣಿಗೆ ಹೋದೆವು. ಕಟ್ಟೆಯ ಮೇಲೆ ಕೂತಿದ್ದ ದ್ರಾಕ್ಷಾಯಣಿಯ ಅತ್ತೆ ಬನವ್ವ ಕೂಗಿದಳು.

"ಸಿಸ್ಟರಾ, ನಿಮ್ಮ ಸೂಜಿ ಭಾಳ ಜೋರೈತಿ ಬಿಡ್ರಿ. ನಮ್ಮ ಕೂಸಿಗೆ ಇನ್ನೂ ಜ್ವರ ಬಿಟ್ಟಿಲ್ಲ!"

ಸಿಸ್ಟರ್ ನಿಂತರು. "ಗುರುವಾರದ ಸೂಜಿ ಆಯಿ. ಇವತ್ತ ಸೋಮವಾರ."

"ಶುಕ್ರವಾರ ಇಳದಿತ್ತು. ನಿನ್ನೆಯಿಂದ ಮತ್ತ ಬಂದೈತಿ. ನೀವ ಹೇಳಿದ್ರಲ್ಲ, ಬರ್ತೈತಿ ಅಂತ. ಈಗ ಔಷಧ ಹಾಕೇವಿ, ಮೈ ತಣ್ಣಗಾಗೇತಿ. ಶಾಣ್ಯಾ ಕೂಸು, ಅಳೂದಿಲ್ಲ, ಕರಿಯೂದಿಲ್ಲ. ಮಕ್ಕೊಂಡ ಐತಿ."

ಸಿಸ್ಟರ್ ಚಪ್ಪಲಿ ಬಿಟ್ಟು ಒಳಗೆ ನಡೆದರು. ಅವರ ಎದೆಯ ಮೇಲಿದ್ದ ನನಗೆ ಅವರ ಹೆಜ್ಜೆ ಬದಲಾದದ್ದು ತಿಳಿಯಿತು.

ಒಳಗೆ ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಸಿನ ತಂದೆ ಪರಪ್ಪ ಮಗ್ಗ ನೇಯುತ್ತಿದ್ದ. ಖಟಕ್, ಖಟಕ್. ಪಕ್ಕದ ಮನೆಯಲ್ಲಿಯೂ ಅದೇ ಸದ್ದು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ತಲೆಯಿಂದ ಕಾಲಿನವರೆಗೆ ಕುಂಚಿಗೆ, ಅದರ ಮೇಲೊಂದು ದುಪ್ಪಟಿ. ಮುಖದ ಹೊರತು ಏನೂ ಕಾಣದು.

"ಬಿಚ್ಚವ್ವ" ಎಂದರು ಸಿಸ್ಟರ್.

"ಬ್ಯಾಡ್ರಿ, ಗಾಳಿ ಹತ್ತೈತಿ" ಎಂದು ಬನವ್ವ ಅಡ್ಡ ಬಂದಳು. "ಅಜ್ಜಿ ಮಾಡಿದ ಕುಂಚಿಗಿ ಅದು. ಎಂಟು ಮಕ್ಕಳು ಅದರಾಗ ಬೆಳದಾವ."

"ಆಯಿ, ಕುಂಚಿಗಿ ಚಂದ ಐತಿ. ನನಗ ಹೊಟ್ಟಿ ನೋಡಬೇಕು. ಒಂದ ನಿಮಿಷ."

ದ್ರಾಕ್ಷಾಯಣಿ ಅತ್ತೆಯ ಮುಖ ನೋಡಲಿಲ್ಲ. ಕುಂಚಿಗೆಯ ಕಸಿ ಬಿಚ್ಚಿದಳು.

ಸಿಸ್ಟರ್ ನನ್ನ ಗುಂಡಿ ಒತ್ತಿದರು. ಟಿಕ್ ಟಿಕ್ ಎಂದೆ. ನಿಮಿಷ ಮುಗಿದು ಎರಡು ಸಲ ಕೂಗಿದಾಗ ಅವರ ಬಾಯಲ್ಲಿ ಬಂದ ಸಂಖ್ಯೆ ನಲವತ್ತನಾಲ್ಕು. ಐವತ್ತರ ಒಳಗೇ. ಮತ್ತೆ ಮುಚ್ಚಲು ಬನವ್ವ ಕುಂಚಿಗೆಗೆ ಕೈಹಾಕಿದಳು. ಆದರೆ ಸಿಸ್ಟರ್ ಏಳಲಿಲ್ಲ. ತಮ್ಮ ಬಲಗೈ ಬೆರಳನ್ನು ನೋಡುತ್ತಿದ್ದರು. ಅದು ತೊಡೆಯ ಮೇಲೆ ತಟ್ಟುತ್ತಿತ್ತು. ಖಟಕ್, ಖಟಕ್. ಅವರು ಎಣಿಸಿದ್ದು ಕೂಸಿನ ಉಸಿರನ್ನಲ್ಲ, ಪರಪ್ಪನ ಮಗ್ಗವನ್ನು.

"ಅಣ್ಣಾ, ಮಗ್ಗ ನಿಲ್ಲಸ್ರಿ."

"ಈ ಅಂಚ ಮುಗಿಸಿ..."

"ಈಗ ನಿಲ್ಲಸ್ರಿ! ಬಾಜೂ ಮನಿಯವರಿಗೂ ಹೇಳ್ರಿ."

ಪರಪ್ಪ ಕುಣಿಯಿಂದ ಹಾರಿ ಬಂದು ಬಾಗಿಲಲ್ಲಿ ಕೂಗಿದ. ಒಂದೊಂದಾಗಿ ಮಗ್ಗಗಳು ನಿಂತವು. ಆ ಮನೆಯಲ್ಲಿ ಹಗಲು ಹೊತ್ತು ಅಷ್ಟು ಮೌನವನ್ನು ಯಾರೂ ಕೇಳಿರಲಿಕ್ಕಿಲ್ಲ. ಮತ್ತೆ ಟಿಕ್ ಎಂದೆ. ಅರ್ಧ ನಿಮಿಷಕ್ಕೆ ಮೂವತ್ತಮೂರು. ಪೂರ್ತಿ ನಿಮಿಷಕ್ಕೆ ಅರವತ್ತೆಂಟು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗಿನ ಭಾಗ ಒಳಗೆ ಎಳೆದುಕೊಳ್ಳುತ್ತಿತ್ತು. ಇದನ್ನು ಕುಂಚಿಗೆ ಮುಚ್ಚಿತ್ತು, ಔಷಧಿ ಜ್ವರವನ್ನು ಮುಚ್ಚಿತ್ತು.

"ಮಲಿ ಯಾವಾಗ ಕುಡೀತು?"

ದ್ರಾಕ್ಷಾಯಣಿ ನೆನಪು ಮಾಡಿಕೊಂಡಳು. "ಮುಂಜಾನೆ ಬಾಯಿಗೆ ಇಟ್ಟೆ. ಜಗ್ಗಲಿಲ್ಲ. ನಿದ್ದಿಗಣ್ಣಾಗ ಐತಿ ಅಂದ್ರು ಅತ್ತಿ."

ಸಿಸ್ಟರ್ ಕೂಸಿನ ಅಂಗಾಲು ತಟ್ಟಿದರು. ಕಣ್ಣು ಅರೆ ತೆರೆದು ಮುಚ್ಚಿತು. ಅದು ಶಾಣ್ಯಾತನವಾಗಿರಲಿಲ್ಲ. ಅಳಲು ಶಕ್ತಿ ಉಳಿದಿರಲಿಲ್ಲ.

ಓಣಿಯ ಆಟೋದಲ್ಲಿ ತಾಲ್ಲೂಕು ದವಾಖಾನೆಗೆ ಹೊರಟೆವು. ಕೂಸು ತಾಯಿಯ ಎದೆಗೆ ಒರಗಿತ್ತು. ದಾರಿಯಲ್ಲಿ ಸಿಸ್ಟರ್ ಮತ್ತೆ ಮತ್ತೆ ನನ್ನ ಗುಂಡಿ ಒತ್ತಿದರು. ಎಷ್ಟೆಂದು ತಾಯಿ ಕೇಳಲಿಲ್ಲ. ಬೇರೆಯದನ್ನು ಕೇಳಿದಳು.

"ನೀವ ಅಂದಿದ್ರಲ್ರೀ ಸಿಸ್ಟರ್, ಜ್ವರ ಬರ್ತೈತಿ, ಅಂಜಬ್ಯಾಡ ಅಂತ."

ಲಸಿಕೆಯ ಮೇಲೆ, ಬನವ್ವನ ಮೇಲೆ, ಕುಂಚಿಗೆಯ ಮೇಲೆ ತಪ್ಪು ಹೊರಿಸಬಹುದಿತ್ತು. ಸಿಸ್ಟರ್ ಹಾಗೆ ಮಾಡಲಿಲ್ಲ.

"ಅಂದಿದ್ದೆ ತಂಗಿ. ಅರ್ಧಾನ ಹೇಳಿದ್ದೆ."

ಅದು ನ್ಯುಮೋನಿಯಾ. ಲಸಿಕೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅದೇ ವಾರ ಬಂದಿತ್ತು, ಅಷ್ಟೇ. ಆರು ದಿನ ಕೂಸಿಗೆ ಆಮ್ಲಜನಕ ಮತ್ತು ಚುಚ್ಚುಮದ್ದು. ಮೂರನೆಯ ದಿನ ಎದೆಗೆ ಬಾಯಿ ಹಚ್ಚಿ ಜೋರಾಗಿ ಜಗ್ಗಿತು. ನಾಲ್ಕನೆಯ ದಿನ ವಾರ್ಡು ಕಿತ್ತುಹೋಗುವಂತೆ ಅತ್ತಿತು. "ಅಳ್ಲಿ ಬಿಡ್ರಿ" ಎಂದಳಂತೆ ಬನವ್ವ, ಸಮಾಧಾನ ಮಾಡಲು ಬಂದವರಿಗೆ.

ಮುಂದಿನ ಗುರುವಾರದಿಂದ ಲಸಿಕೆಯ ಸಾಲು ನಿಧಾನವಾಯಿತು. ಸಿಸ್ಟರ್ ಒಬ್ಬೊಬ್ಬ ತಾಯಿಗೂ ಉಳಿದರ್ಧ ಹೇಳತೊಡಗಿದರು. ಜ್ವರ ಎರಡು ದಿನ ದಾಟಿದರೆ ತೋರಿಸು. ಮೊಲೆ ಬಿಟ್ಟರೆ, ಕುಡಿದದ್ದೆಲ್ಲ ಕಾರಿಕೊಂಡರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಉಸಿರಿಗೊಮ್ಮೆ ಪಕ್ಕೆಲುಬಿನ ಕೆಳಗೆ ಒಳಗೆ ಎಳೆದುಕೊಂಡರೆ, ಎಳೆಗೂಸಿನ ಮೈ ತಣ್ಣಗೆ ಕೊರೆದರೆ ಎರಡು ದಿನವೂ ಕಾಯಬೇಡ. ತಿರುಗಿ ಹೇಳಿಸಿಕೊಂಡೇ ಕಳಿಸುತ್ತಿದ್ದರು. "ಸಾಲಿ ಮಾಡಿಬಿಟ್ರಲ್ರೀ ನಮಗ" ಎಂದು ಹೆಂಗಸರು ನಗುತ್ತಿದ್ದರು, ಆದರೂ ಹೇಳುತ್ತಿದ್ದರು.

ಐದು ವರ್ಷ ಆ ಕೊರಳಲ್ಲಿದ್ದೆ. ಬಿಳಿ ಬಣ್ಣ ಹಳದಿಗೆ ತಿರುಗಿತು. ದಾರ ಮೂರು ಸಲ ಬದಲಾಯಿತು. ಒಂದು ದಿನ ಗುಂಡಿ ಒತ್ತಿದರೂ ಸದ್ದು ಬರಲಿಲ್ಲ. ಈಗ ಸಿಸ್ಟರ್ ಬಳಿ ಕೂಸಿನ ಪಾದಕ್ಕೆ ಕಟ್ಟಿ ರಕ್ತದಲ್ಲಿನ ಆಮ್ಲಜನಕ ಅಳೆಯುವ, ಅಂಕಿ ಮಿನುಗುವ ಹೊಸ ಯಂತ್ರವಿದೆ. ಉಸಿರನ್ನು ಕೈಗಡಿಯಾರ ನೋಡಿ ಎಣಿಸುತ್ತಾರೆ. ನನ್ನನ್ನು ಎಸೆಯಲು ಮನಸ್ಸಾಗದೆ ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ. ಅಲ್ಲಿಂದ ಬಾಗಿಲು ಚೆನ್ನಾಗಿ ಕಾಣುತ್ತದೆ.

ನಿನ್ನೆ ಬೆಳಿಗ್ಗೆ ಆ ಬಾಗಿಲಿಗೆ ಬನವ್ವ ಬಂದಳು. ಇಪ್ಪತ್ತು ದಿನದ ಕೂಸನ್ನೆತ್ತಿಕೊಂಡ ಪಕ್ಕದ ಮನೆಯ ಬಾಣಂತಿಯನ್ನು ರಟ್ಟೆ ಹಿಡಿದು ಕರೆತಂದಿದ್ದಳು.

"ಜ್ವರಾನ ಇಲ್ಲಲ್ಲ ಆಯಿ, ಸುಮ್ನ ಎಳಕೊಂಡ ಬಂದಿ" ಎಂದು ಬಾಣಂತಿ ಗೊಣಗುತ್ತಿದ್ದಳು.

"ಜ್ವರ ಇಲ್ಲದ್ದಕ್ಕ ಅಂಜಿಕಿ ನನಗ" ಎಂದಳು ಬನವ್ವ. ಸಿಸ್ಟರ್ ಕಡೆ ತಿರುಗಿದಳು. "ಮೈ ತಣ್ಣಗ ಕೊರಿತೈತಿ. ರಾತ್ರಿಯಿಂದ ಮಲಿ ಹಿಡಿವಲ್ದು. ಇಕಿ ನಾಳಿಗೆ ಹೋಗೂಣು ಅಂದ್ಲು. ನಾಳಿಗೆ ಅನ್ನೂದ ಬ್ಯಾಡ ಅಂತ ಎಬ್ಬಿಸಿಕೊಂಡ ಬಂದೆ."

ಸಿಸ್ಟರ್ ಕೂಸಿನ ಅಂಗಾಲು ಮುಟ್ಟಿ ನೋಡಿ, ಅದನ್ನು ತಾಯಿಯ ಎದೆಗೆ ಬೆಚ್ಚಗೆ ಒತ್ತಿಸಿ, ದವಾಖಾನೆಯ ಗಾಡಿಗೆ ಫೋನ್ ಮಾಡಿದರು. ಗಾಡಿ ಬರುವವರೆಗೆ ಬನವ್ವ ನೆಲದ ಮೇಲೆ ಬಗ್ಗಿ ಕೂತು, ಕೂಸಿನ ಹೊಟ್ಟೆಯ ಮೇಲೆ ಕಣ್ಣಿಟ್ಟು, ಬೆರಳು ಮಡಚುತ್ತ ಎಣಿಸುತ್ತಿದ್ದಳು. ನಿಮಿಷ ಎಲ್ಲಿಗೆ ಮುಗಿಯಿತೆಂದು ಹೇಳಲು ನನಗೆ ದನಿಯಿರಲಿಲ್ಲ.

ಅವಳು ಎಣಿಕೆ ನಿಲ್ಲಿಸಲೂ ಇಲ್ಲ.