ಜೇನಮ್ಮ ಆರಿಸಿದ ನಾಯಿ

“ಇನ್ನು ಈ ಮನೆಗೆ ಎಂಥ ನಾಯಿನ ತರೋದು?”

ಬೇಲಿಯ ಪಕ್ಕದ ಖಾಲಿ ಸ್ಟ್ಯಾಂಡುಗಳ ಮುಂದೆ ನಿಂತು ಜೇನಮ್ಮ ಕೇಳಿದಳು. ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಹಿಂದಿನ ದಿನದವರೆಗೆ ಆ ಸ್ಟ್ಯಾಂಡುಗಳ ಮೇಲೆ ಜೇನುಪೆಟ್ಟಿಗೆಗಳು ಕೂತಿದ್ದವು. ಗಂಡ ಹೆಂಡತಿ ಇಬ್ಬರೂ ಪೇಟೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಗಾಡಿ ತಂದು, ಬೇಲಿ ಸರಿಸಿ, ಹುಳುಗಳ ಸಮೇತ ಎತ್ತಿಕೊಂಡು ಹೋಗಿದ್ದರು. ಹೂವಿಗೆಂದು ಹೊರಗೆ ಹೋಗಿದ್ದ ಒಂದಷ್ಟು ಹುಳುಗಳು ಮಾತ್ರ ಮರಳಿ ಬಂದು, ಮನೆ ಇದ್ದ ಜಾಗದಲ್ಲಿ ಮನೆ ಕಾಣದೆ, ಬರಿಯ ಹಲಗೆಯನ್ನು ಸುತ್ತುತ್ತಿದ್ದವು. ಹಿತ್ತಲಿನಲ್ಲಿದ್ದ ಪೆಟ್ಟಿಗೆಗಳಷ್ಟೇ ಉಳಿದಿದ್ದವು.

ಮಣ್ಣಿನ ದಾರಿ ಮುಗಿದ ಮೇಲೆ ಇನ್ನೂ ಸ್ವಲ್ಪ ದೂರ ಗಾಡಿಜಾಡಿನಲ್ಲಿ ಹೋದರೆ ಸಿಗುವ ಒಂಟಿ ಮನೆ ಅದು. ಎಷ್ಟೇ ಗಟ್ಟಿಯಾಗಿ ಕೂಗಿದರೂ ಇನ್ನೊಂದು ಮನೆಗೆ ಕೇಳಿಸದು. ಅಲ್ಲಿ ಅವಳು ಮದುವೆಯಾಗಿ ಬಂದಾಗಿನಿಂದ ಜೇನು ಸಾಕುತ್ತಿದ್ದಳು. ಅವಳ ಹೆಸರು ಏನೇ ಇರಲಿ, ಸುತ್ತಿನವರಿಗೆಲ್ಲ ಅವಳು ಜೇನಮ್ಮ. ಗಂಡ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಅಷ್ಟು ವರ್ಷ ಎಂಜಿನ್ನಿನ ಪಕ್ಕದಲ್ಲೇ ನಿಂತು ಕಿವಿ ಅರ್ಧ ಮಂದವಾಗಿತ್ತು.

ಹೋದ ಪೆಟ್ಟಿಗೆಗಳ ದುಃಖ ಒಂದು ಕಡೆಯಾದರೆ, ಮಗಳ ಫೋನು ಇನ್ನೊಂದು ಕಡೆ. ಮಗಳು ನರ್ಸು. ಮುಂದಿನ ತಿಂಗಳು ಅವಳಿಗೆ ಇದೇ ಸೀಮೆಯ ಆರೋಗ್ಯ ಕೇಂದ್ರಕ್ಕೆ ವರ್ಗವಾಗುವುದಿತ್ತು. ಅಳಿಯನ ಕೆಲಸ ಹಡಗಿನಲ್ಲಿ. ಮಗಳೂ ಮೂರು ವರ್ಷದ ಮೊಮ್ಮಗಳೂ ಇಲ್ಲೇ ಬಂದು ಇರುವುದೆಂದು ಮಾತಾಗಿತ್ತು. ಒಂದು ಗಳಿಗೆ ನಿಂತಲ್ಲಿ ನಿಲ್ಲದ ಆ ಮಗುವಿಗೆ ತಾತ ಇಟ್ಟ ಹೆಸರು ಬುಗುರಿ. ಜೇನಮ್ಮ ಬುಗುರಿಗೆಂದು ಕೋಣೆಯ ಗೋಡೆಗೆ ಆಗಲೇ ಸುಣ್ಣ ಬಳಿಸಿದ್ದಳು.

ಕಳ್ಳತನದ ಸುದ್ದಿ ಕೇಳಿದ ಮಗಳು ಹೇಳಿದಳು: “ಅಮ್ಮ, ನಾನು ಡ್ಯೂಟಿಗೆ ಹೋದ್ಮೇಲೆ ನೀನು ಹಿತ್ತಲಲ್ಲಿ ಪೆಟ್ಟಿಗೆ ಮುಂದೆ ಇರ್ತೀಯ. ಅಪ್ಪನ ಕಿವಿ ಹತ್ರ ತಮಟೆ ಬಡಿದ್ರೂ ಕೇಳ್ಸಲ್ಲ. ಅಂಗಳದಲ್ಲಿ ಮಗು ಒಂದೇ. ಯಾರಾದ್ರೂ ಗಾಡಿ ತಂದು ನಿಲ್ಸಿದ್ರೆ?”

“ನಾಯಿ ತರ್ತೀನಿ ಬಿಡು.”

“ತಾ. ನಂಗೆ ನಂಬಿಕೆ ಬರೋ ಅಂಥ ನಾಯಿ ಆಗಿರ್ಬೇಕು. ತಿಂಗಳ ಕೊನೆ ಭಾನುವಾರದ ರಜಕ್ಕೆ ಬಂದು ಕಣ್ಣಾರೆ ನೋಡ್ತೀನಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡ, ಪೇಟೆಲಿ ಕ್ವಾರ್ಟರ್ಸ್ ಹಿಡೀತೀನಿ.”

ಸುಣ್ಣ ಬಳಿದ ಕೋಣೆಯ ಬಾಗಿಲನ್ನು ಜೇನಮ್ಮ ಅಂದು ಮೆಲ್ಲಗೆ ಮುಂದೆ ಮಾಡಿದಳು.

ಮೊದಲ ನಾಯಿಯನ್ನು ತಂದವನು ಮೈದುನ. ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಅವನಿಗೆ ಯಾವುದೇ ವಸ್ತುವಾಗಲಿ ದೊಡ್ಡದಿರಬೇಕು, ಹೊಳೆಯಬೇಕು. ಜೀಪಿನಿಂದ ನಾಯಿಯನ್ನು ಇಳಿಸಿದಾಗ ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ.

“ಇದು ನಾಯಿನೋ ಕರುನೋ?”

“ಜಾತಿ ನಾಯಿ ಅಣ್ಣ. ಇದರ ಅಪ್ಪ ಅಮ್ಮಂಗೂ ಸರ್ಟಿಫಿಕೇಟ್ ಇದೆ.”

“ನಮ್ಮಪ್ಪ ಅಮ್ಮಂಗೇ ಇರ್ಲಿಲ್ವಲ್ಲೋ” ಎಂದ ಕಂಡಕ್ಟರ್.

ನಾಯಿ ನೋಡಲು ರಾಜನ ಹಾಗಿತ್ತು. ಆದರೆ ಆ ಮನೆಯ ಅಂಗಳದಲ್ಲಿ ಗಾಳಿಯೆಂದರೆ ಜೇನುಹುಳು. ಕಿವಿಯ ಪಕ್ಕ ಗುಂಯ್ ಎಂದು ಹಾದುಹೋದ ಮೊದಲ ಹುಳುವನ್ನು ನಾಯಿ ಗಪ್ಪನೆ ಬಾಯಿಗೆ ಹಾಕಿಕೊಂಡಿತು. ಎರಡನೆಯದನ್ನು ಅಟ್ಟಿಸಿಕೊಂಡು ಹೋಗಿ ಪೆಟ್ಟಿಗೆಗೆ ಡಿಕ್ಕಿ ಹೊಡೆಯಿತು. ಸಂಜೆಗೆ ಅದರ ಮೂತಿ ಕುಂಬಳಕಾಯಿ. ಮಂಚದ ಕೆಳಗೆ ಸೇರಿಕೊಂಡದ್ದು ಮಾರನೆಯ ದಿನ ಜೀಪಿನ ಸದ್ದು ಕೇಳಿದ ಮೇಲೆಯೇ ಹೊರಗೆ ಬಂದಿತು.

“ಪಾಪ, ಅದರ ತಪ್ಪಲ್ಲ” ಎಂದಳು ಜೇನಮ್ಮ. “ಹಾರೋದನ್ನೆಲ್ಲ ಹಿಡೀಬೇಕು ಅಂತ ಯಾರೋ ಕಲಿಸಿದ್ದಾರೆ.”

“ಇದಲ್ಲದಿದ್ರೆ ಇದರ ತಮ್ಮನ್ನ ತರ್ತೀನಿ ಅತ್ತಿಗೆ. ಮಗಳು ಬರೋ ಭಾನುವಾರ ನಾನೂ ಬರ್ತೀನಿ. ಯಾವುದು ಬೇಕು ಅಂತ ಅವಳೇ ಹೇಳ್ಲಿ” ಎಂದು ಮೈದುನ ಜೀಪು ತಿರುಗಿಸಿದ.

ಎರಡನೆಯದು ಇಟ್ಟಿಗೆ ಭಟ್ಟಿಯ ಕಾವಲುಗಾರನ ನಾಯಿ. ಅದು ಕಾಗೆಗೆ ಬೊಗಳಿತು, ಒಣಗಲು ಹಾಕಿದ ಸೀರೆಗೆ ಬೊಗಳಿತು, ಬೀಳುವ ಎಲೆಗೆ ಬೊಗಳಿತು. ಕಂಡಕ್ಟರ್‌ಗೆ ಮಾತ್ರ ಅದು ಬಹಳ ಹಿಡಿಸಿತ್ತು. “ನೋಡೇ, ಇದು ಮಾತಾಡಿದ್ರೆ ನಂಗೂ ಕೇಳ್ಸತ್ತೆ.”

ಜೇನಮ್ಮ ಬೇಡವೆಂಬಂತೆ ತಲೆಯಾಡಿಸಿದಳು. ಅವಳು ಕಣ್ಣಿಗಿಂತ ಕಿವಿಯನ್ನು ನಂಬಿದವಳು. ಅಪ್ಪ ದೀಪದ ಮುಂದೆ ಕೂತು ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಅರ್ಥ ತಿಳಿಯುವ ಮೊದಲೇ ಕೇಳಿ ಬೆಳೆದವಳು. ಸಾಲು ಎಲ್ಲಿ ಏರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎನ್ನುವುದು ಅವಳ ಮೈಗೇ ಗೊತ್ತಿತ್ತು. ಪೆಟ್ಟಿಗೆಗೆ ಕಿವಿಯಿಟ್ಟು, ಮುಚ್ಚಳ ತೆರೆಯದೆಯೇ, ಒಳಗೆ ರಾಣಿ ಇದೆಯೋ ಇಲ್ಲವೋ ಹೇಳಬಲ್ಲಳು. ಈ ನಾಯಿಯ ಬೊಗಳಿಕೆಯಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ. ಎಲೆಗೂ ಕಳ್ಳನಿಗೂ ಒಂದೇ ರಾಗ. ಎರಡು ದಿನ ಇಟ್ಟುಕೊಂಡು, ಹೊಟ್ಟೆ ತುಂಬ ಊಟ ಹಾಕಿ, ಭಟ್ಟಿಗೆ ಬಿಟ್ಟು ಬಂದಳು.

ದೇವರ ಮುಂದೆ ಅವಳು ಸಾಮಾನ್ಯವಾಗಿ ಏನನ್ನೂ ಬೇಡುವವಳಲ್ಲ. ಆ ದಿನಗಳಲ್ಲಿ ಮಾತ್ರ ಕೈಮುಗಿದು ನಿಂತಾಗ ನಾಯಿಯ ಮಾತು ನಡುವೆ ಬಂದುಬಿಡುತ್ತಿತ್ತು. ತಾನೇ ನಾಚಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಮೂರನೆಯದು ಎಣ್ಣೆ ಗಾಣದ ಅಂಗಳದಲ್ಲಿ ಸಿಕ್ಕಿತು. ಗಾಣದವಳಿಗೆ ಜೇನು ಕೊಡಲು ಹೋದಾಗ, ಚೀಲಗಳ ರಾಶಿಯ ಪಕ್ಕದಿಂದ ಒಂದು ಕಂದು ಬಣ್ಣದ ಹೆಣ್ಣುನಾಯಿ ಎದ್ದು ನಿಂತಿತು. ಸಾಧಾರಣ ಗಾತ್ರ, ಒಂದು ಕಿವಿ ಹರಿದದ್ದು. ಜೇನಮ್ಮನನ್ನು ನೋಡಿ ಎರಡು ಸಲ ಬೊಗಳಿತು. ಅಷ್ಟೇ. ಆಮೇಲೆ ಯಜಮಾನಿಯ ಮುಖ ನೋಡಿತು. ಯಜಮಾನಿ “ಹ್ಞೂಂ, ಬರ್ಲಿ” ಎಂದಳು. ನಾಯಿ ಸುಮ್ಮನಾಯಿತು, ಆದರೆ ಚೀಲಗಳನ್ನು ಬಿಟ್ಟು ಕದಲಲಿಲ್ಲ. ಹಿಂಡಿಯ ಮೇಲೆ ಕೂತಿದ್ದ ನೊಣಗಳು ಮುಖಕ್ಕೆ ಮುತ್ತಿದವು. ತಲೆ ಕೊಡವಿತೇ ಹೊರತು ಬಾಯಿ ಹಾಕಲಿಲ್ಲ.

ಜೇನಮ್ಮ ಜೇನಿನ ಡಬ್ಬಿ ಕೆಳಗಿಟ್ಟು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಗಿರಾಕಿಗಳು ಬಂದರು, ಹೋದರು. ಗುರುತಿನವರಿಗೆ ನಾಯಿ ಕಣ್ಣು ಮಾತ್ರ ತೆರೆಯಿತು. ಗುರುತಿಲ್ಲದವರಿಗೆ ಎದ್ದು ನಿಂತಿತು. ಒಬ್ಬ ಗಿರಾಕಿ ಚೀಲಕ್ಕೆ ಕೈ ಹಾಕಲು ಬಗ್ಗಿದಾಗ ಗಂಟಲಿನ ಆಳದಿಂದ ಒಂದು ಸದ್ದು ಹೊರಟಿತು. ಅವನು ಕೈ ಹಿಂದೆ ತೆಗೆದ. ಸದ್ದೂ ನಿಂತಿತು. ಜೇನಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

“ಏನಕ್ಕ, ಸೊಸೆ ಆರಿಸೋಕೆ ಬಂದ ಅತ್ತೆ ಹಾಗೆ ಕೂತ್ಬಿಟ್ಟೆ?” ಎಂದಳು ಗಾಣದವಳು.

“ಸೊಸೆ ಆಗಿದ್ರೆ ಇಷ್ಟು ಹೊತ್ತು ಕೂರ್ತಿರ್ಲಿಲ್ಲ. ಇದನ್ನ ಕೊಡ್ತೀಯಾ?”

“ಇದರ ತಾಯಿ ಇದ್ದಾಳೆ ನಂಗೆ. ನಿನ್ನ ಜೊತೆ ಬರುತ್ತೆ ಅಂದ್ರೆ ಕರ್ಕೊಂಡು ಹೋಗು.”

ಬಂದಿತು. ಸುದ್ದಿ ತಿಳಿದ ಮೈದುನ ಫೋನಿನಲ್ಲೇ ನಕ್ಕ. “ಬೀದಿ ನಾಯಿ, ಅದೂ ಕಿವಿ ಹರಿದಿದ್ದು. ಅತ್ತಿಗೆ, ತಂದಿದ್ದು ಕಾವಲಿಗೋ ಕನಿಕರಕ್ಕೋ?”

“ಭಾನುವಾರ ಬಾ, ನೋಡುವೆಯಂತೆ” ಎಂದಳು ಜೇನಮ್ಮ.

ನಾಯಿಗೆ ಹೆಸರಿಟ್ಟವನು ಕಂಡಕ್ಟರ್. ಗೇಟು ದಾಟಿ ಬಂದವರನ್ನೆಲ್ಲ ಅದು ಅಡ್ಡಗಟ್ಟಿ, ಮೂಸಿ, ಸಮಾಧಾನವಾದ ಮೇಲೆಯೇ ಬಿಡುತ್ತಿತ್ತು. ಅದನ್ನು ಕಂಡು ಅವನಿಗೆ ಹಳೆಯ ದಿನಗಳು ನೆನಪಾದವು. ದಾರಿಯ ನಡುವೆ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ಇನ್ಸ್‌ಪೆಕ್ಟರುಗಳನ್ನು ಅವರ ಡಿಪೋದಲ್ಲಿ ಎಲ್ಲರೂ ‘ಚೆಕಿಂಗು’ ಎನ್ನುತ್ತಿದ್ದರು. “ನೌಕರಿ ಪೂರ್ತಿ ಚೆಕಿಂಗು ಅಂದ್ರೆ ನಡುಗ್ತಿದ್ದೆ. ಈಗ ನೋಡು, ಅದಕ್ಕೆ ನಾನೇ ಊಟ ಹಾಕ್ತಿದ್ದೀನಿ.” ಅಂದಿನಿಂದ ನಾಯಿ ಚೆಕಿಂಗು ಆಯಿತು.

ದಿನವೂ ಬೆಳಿಗ್ಗೆ ಜೇನಮ್ಮ ಚೆಕಿಂಗುವನ್ನು ಕರೆದುಕೊಂಡು ಬೇಲಿಗುಂಟ ಒಂದು ಸುತ್ತು ನಡೆದಳು. ಇದು ನಮ್ಮದು, ಅದು ನಮ್ಮದಲ್ಲ ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಅಂಚೆಯವನನ್ನು ಪರಿಚಯ ಮಾಡಿಸಿದಳು, ಸಿಲಿಂಡರ್ ತರುವವನನ್ನು ಮಾಡಿಸಿದಳು. ಮಗಳ ಹಳೆಯ ಸೀರೆಯನ್ನೂ ಬುಗುರಿಯ ಅಂಗಿಯನ್ನೂ ಮೂಸಿಸಿದಳು. ಶನಿವಾರ ಸಂಜೆ ಬಂದಿಳಿದ ತಾಯಿ ಮಗುವನ್ನು ಅದು ಬಾಲವಾಡಿಸಿ ಒಳಗೆ ಬಿಟ್ಟುಕೊಂಡಿತು. ಬುಗುರಿ ಅದರ ಹರಿದ ಕಿವಿಯನ್ನು ಹಿಡಿದು “ಇದಕ್ಕೆ ಹೊಲಿಗೆ ಹಾಕು ಅಮ್ಮ” ಎಂದಿತು. ಮಗಳು ನಕ್ಕಳು. ಆದರೆ ಬ್ಯಾಗನ್ನು ಬಿಚ್ಚಲಿಲ್ಲ. ಅದು ಬಾಗಿಲ ಬಳಿಯೇ ಇತ್ತು.

ಜೇನಮ್ಮ ಎಲ್ಲವನ್ನೂ ಯೋಚಿಸಿದ್ದಳು, ಒಂದನ್ನು ಬಿಟ್ಟು. ಹೂವು ಕಡಿಮೆಯಾದ ಆ ದಿನಗಳಲ್ಲಿ ಪೆಟ್ಟಿಗೆಗಳನ್ನು ತೆರೆಯುವ ಕೆಲಸ ಇರಲಿಲ್ಲ. ಹಾಗಾಗಿ ಚೆಕಿಂಗು ಬಂದಂದಿನಿಂದ ಅವಳು ತನ್ನ ಬಿಳಿ ನಿಲುವಂಗಿಯನ್ನಾಗಲಿ, ಮುಖ ಮುಚ್ಚುವ ಬಲೆಯ ಟೋಪಿಯನ್ನಾಗಲಿ ಹಾಕಿಕೊಂಡೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೊತ್ತೇರುವಾಗ ಹಿತ್ತಲಿನ ಒಂದು ಪೆಟ್ಟಿಗೆಯ ಹುಳುಗಳು ಅಕಾಲದಲ್ಲಿ ಪಾಲಾದವು. ಅರ್ಧ ಸಂಸಾರ ರಾಣಿಯೊಂದಿಗೆ ಹೊರಬಿದ್ದು ಸೀಬೆ ಮರದ ಕೊಂಬೆಗೆ ಗೊಂಚಲಾಗಿ ಜೋತುಬಿದ್ದಿತು. ಬಿಟ್ಟರೆ ಹಾರಿಹೋಗುತ್ತವೆ. ಜೇನಮ್ಮ ಶೆಡ್ಡಿಗೆ ಓಡಿ, ನಿಲುವಂಗಿ ತೊಟ್ಟು, ಟೋಪಿ ಹಾಕಿ, ಕೈಗವಸು ಏರಿಸಿ, ಹೊಗೆಡಬ್ಬಿ ಹೊತ್ತಿಸಿದಳು. ಗೊಂಚಲನ್ನು ಮೆತ್ತಗೆ ಕುಲುಕಿ ಬುಟ್ಟಿಗೆ ಇಳಿಸಿ, ಬಟ್ಟೆ ಮುಚ್ಚಿ, ಬೇಲಿಯ ಪಕ್ಕ ಇಟ್ಟಿದ್ದ ಹೊಸ ಪೆಟ್ಟಿಗೆಗೆ ಸೇರಿಸಲೆಂದು ಮನೆಯನ್ನು ಬಳಸಿ ಅಂಗಳಕ್ಕೆ ಬಂದಳು. ಒಳಗೆ ಕಂಡಕ್ಟರ್‌ನ ರೇಡಿಯೋ ಅರಚುತ್ತಿತ್ತು. ಮಗಳು ಅಡುಗೆಮನೆಯಲ್ಲಿದ್ದಳು. ಅಂಗಳದ ನಡುವೆ ಬುಗುರಿ ಒಂದೇ ಕೂತು ಮಣ್ಣು ಕಲಸುತ್ತಿತ್ತು.

ಮೂಲೆ ತಿರುಗಿದ್ದೇ ತಡ, ಚೆಕಿಂಗು ಎದುರಿಗಿತ್ತು.

ಎರಡು ಸಲ ಬೊಗಳಿತು. ಆಮೇಲೆ ಗಂಟಲಿನ ಆ ಸದ್ದು. ತಲೆಯಿಂದ ಕಾಲಿನವರೆಗೆ ಬಿಳಿ, ಮುಖವಿಲ್ಲ, ಬೆರಳಿಲ್ಲ, ಸುತ್ತ ಹೊಗೆ. ಮೈಯ ವಾಸನೆಯನ್ನೆಲ್ಲ ಹೊಗೆಯೂ ಮೇಣವೂ ನುಂಗಿಬಿಟ್ಟಿದ್ದವು. ಜೇನಮ್ಮ ನಿಂತಳು. ಬುಟ್ಟಿಯೊಳಗೆ ಸಾವಿರಾರು ಹುಳುಗಳು ಗುನುಗುತ್ತಿದ್ದವು. ಕೂಗುವ ಹಾಗಿಲ್ಲ, ಬುಟ್ಟಿ ಅಲುಗಿಸುವ ಹಾಗಿಲ್ಲ. ಬಲಕ್ಕೆ ಒಂದು ಹೆಜ್ಜೆ ಇಟ್ಟಳು. ನಾಯಿಯೂ ಬಲಕ್ಕೆ ಸರಿಯಿತು. ಎಡಕ್ಕೆ ಇಟ್ಟಳು. ಅದೂ ಎಡಕ್ಕೆ. ಮೇಲೆ ಹಾರಲಿಲ್ಲ, ಬಾಯಿ ಹಾಕಲಿಲ್ಲ, ಹಿಂದೆ ಸರಿಯಲಿಲ್ಲ. ಬುಟ್ಟಿಯಿಂದ ತಪ್ಪಿಸಿಕೊಂಡ ಒಂದೆರಡು ಹುಳು ಅದರ ಮೂಗಿನ ಮೇಲೆಯೇ ಕೂತವು. ಕಣ್ಣು ಕಿರಿದು ಮಾಡಿತು, ಅಷ್ಟೇ. ಎಲ್ಲಿ ಸರಿದರೂ ಅವಳಿಗೂ ಬುಗುರಿಗೂ ನಡುವೆ ಅದರ ಮೈ ಇತ್ತು.

ಎಷ್ಟೋ ವರ್ಷಗಳಿಂದ ತಾನೇ ಗುಡಿಸಿ ಸಾರಿಸಿದ ಅಂಗಳದಲ್ಲಿ ಅವಳು ಒಂದು ಹೆಜ್ಜೆ ಮುಂದಿಡಲಾರದೆ ನಿಂತಿದ್ದಳು. ಬಲೆಯ ಹಿಂದೆ ಅವಳ ಕಣ್ಣು ತುಂಬಿತು. ಯಾವ ಬಹುಮಾನಕ್ಕೂ ಯಾವ ಹೊಗಳಿಕೆಗೂ ಅವಳ ಎದೆ ಹೀಗೆ ಉಬ್ಬಿರಲಿಲ್ಲ. ನಾನು ಆರಿಸಿದ್ದು, ನಾನು ಕೇಳಿ ಆರಿಸಿದ್ದು ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು.

ಬೊಗಳಿದ್ದು ಕೇಳಿ ಮಗಳು ಹೊಸ್ತಿಲಿಗೆ ಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು. “ಅಮ್ಮ, ನಿನ್ನ ಮೇಲೇ…”

“ಅಲ್ಲೇ ನಿಲ್ಲು” ಎಂದಳು ಜೇನಮ್ಮ ತಗ್ಗಿದ ದನಿಯಲ್ಲಿ. “ಓಡಿ ಬರಬೇಡ. ಸುಮ್ನೆ ನೋಡು.”

ದನಿ ಕೇಳಿದ ಚೆಕಿಂಗುವಿನ ಕಿವಿ ನಿಮಿರಿತು. ಬಾಲ ಒಮ್ಮೆ ಅಲ್ಲಾಡಿತು. ಆದರೂ ಕಾಲು ಕದಲಲಿಲ್ಲ. ದನಿ ಅಮ್ಮನದು, ರೂಪ ಯಾರದೋ. ಮಗು ಹಿಂದಿದೆ. ಅದಕ್ಕೆ ಎರಡೂ ಹೊಂದಿಕೆಯಾಗಲಿಲ್ಲ. ಹೊಂದಿಕೆಯಾಗುವವರೆಗೆ ಬಿಡುವ ಪ್ರಾಣಿಯಲ್ಲ ಅದು. ಮಗಳು ನಾಯಿಯನ್ನು ನೋಡಿದಳು, ಅದರ ಬೆನ್ನ ಹಿಂದೆ ಮಣ್ಣು ಮೆತ್ತಿದ ಕೈಯಲ್ಲಿ ಕೂತಿದ್ದ ಮಗುವನ್ನು ನೋಡಿದಳು.

“ಅದು ಅಜ್ಜಿ ಕಣೇ” ಎಂದು ಬುಗುರಿ ನಾಯಿಗೆ ಬುದ್ಧಿ ಹೇಳಿತು. ನಾಯಿ ಒಪ್ಪಲಿಲ್ಲ.

ಜೇನಮ್ಮ ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟು, ಗವಸು ಕಳಚಿ, ಟೋಪಿ ತೆಗೆದಳು. ಚೆಕಿಂಗು ಕತ್ತು ಚಾಚಿ ಬರಿಗೈ ಮೂಸಿತು. ಮರುಕ್ಷಣ ಮೈಯೆಲ್ಲ ಬಾಲವಾಗಿ ಅವಳ ಮಂಡಿಗೆ ಒರಗಿತು.

“ತಪ್ಪು ನಂದು ಕಣವ್ವ” ಎಂದಳು ಅದಕ್ಕೆ. “ಎಲ್ಲಾರ್ನೂ ಪರಿಚಯ ಮಾಡಿಸಿದೆ, ನನ್ನೇ ಮರೆತೆ.”

ಆಗಲೇ ಗೇಟಿನಲ್ಲಿ ಜೀಪು ಬಂದು ನಿಂತಿತು. ಚೆಕಿಂಗು ಅತ್ತ ಓಡಿ, ಜೀಪಿನ ಬಾಗಿಲಿಗೆ ನೇರವಾಗಿ ನಿಂತು, ಎರಡು ಸಲ ಬೊಗಳಿತು. ಇಳಿಯಲು ಒಂದು ಕಾಲು ಚಾಚಿದ್ದ ಮೈದುನ ಕಾಲನ್ನು ಒಳಗೆಳೆದುಕೊಂಡ. ಪಕ್ಕದ ಸೀಟಿನಲ್ಲಿದ್ದ ದೊಡ್ಡ ನಾಯಿ, ಮೊದಲನೆಯದರ ತಮ್ಮ, ಸೀಟಿನ ಕೆಳಗೆ ನುಸುಳಲು ನೋಡುತ್ತಿತ್ತು.

ಮಗಳು ಸೌಟನ್ನು ಕಟ್ಟೆಯ ಮೇಲಿಟ್ಟು, ಅಂಗಳಕ್ಕೆ ಇಳಿದು, ಬುಗುರಿಯನ್ನು ಸೊಂಟಕ್ಕೆ ಎತ್ತಿಕೊಂಡಳು.

“ಏನಮ್ಮಾ, ಮನೆಗೆ ಬಂದೋರಿಗೆ ಇದೇನಾ ಮರ್ಯಾದೆ?” ಅರ್ಧ ಇಳಿಸಿದ ಗಾಜಿನಿಂದ ಮೈದುನ ಕೂಗಿದ. “ನೀನಾದ್ರೂ ಆ ಹರ್ಕು ಕಿವಿನ ಹಿಡಿದು ಕಟ್ಟಿಹಾಕು. ಇಳೀಬೇಕು ನಾನು.”

ಮಗಳು ಗೇಟಿನವರೆಗೂ ನಡೆದು ಹೋಗಿ, ಚೆಕಿಂಗುವಿನ ಪಕ್ಕದಲ್ಲಿ ನಿಂತಳು.

“ಇಲ್ಲ ಚಿಕ್ಕಪ್ಪ” ಎಂದಳು. “ಕಟ್ಟಲ್ಲ.”