ಅಲ್ಮೀಡಾಳ ಕೋಟು ಒಪ್ಪಬೇಕು

ಅಲ್ಮೀಡಾ ಬರ್ಡಿಕ್ ಎಲ್ಲಿ ನಡೆದರೂ ಕೆಸರಿನಲ್ಲಿಯೇ ನಡೆಯುತ್ತಿದ್ದಳು. ಚರ್ಚಿನ ಮೇಣ ತಿಕ್ಕಿದ ಹಲಗೆ ನೆಲದ ಮೇಲಾಗಲಿ, ಅಂಚೆ ಕಚೇರಿಯ ಮುಂದಿನ ಡಾಂಬರಿನ ಮೇಲಾಗಲಿ, ಮಂಡಿಯನ್ನು ಎತ್ತರಕ್ಕೆ ಎತ್ತಿ, ಹಿಮ್ಮಡಿಯನ್ನು ಮೊದಲು ಬಿಡಿಸಿಕೊಂಡು, ಆಮೇಲೆ ಬೆರಳುಗಳನ್ನು ಕಿತ್ತುಕೊಂಡು, ಬಿಡಲೊಲ್ಲದ ನೆಲದಿಂದ ಒಂದೊಂದೇ ಹೆಜ್ಜೆಯನ್ನು ಬೇಡಿ ಪಡೆಯುವವಳಂತೆ ಆಕೆ ಸಾಗುತ್ತಿದ್ದುದನ್ನು ಕಂಡು ಹೊಸಬರು ಪಾಪ, ಕಾಲುನೋವಿರಬೇಕೆಂದು ಮರುಗುತ್ತಿದ್ದರು. ಗುಡ್ಡದವರಾದ ನಾವು ಮರುಗುತ್ತಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ನಾವೆಲ್ಲರೂ ಹಾಗೆಯೇ ನಡೆಯುತ್ತೇವೆ. ಅಲ್ಮೀಡಾಳಿಗೆ ವರ್ಷವಿಡೀ ಏಪ್ರಿಲ್, ಅಷ್ಟೇ ವ್ಯತ್ಯಾಸ.

ಈ ಗುಡ್ಡದ ಮಣ್ಣಿನ ಸ್ವಭಾವ ಹೇಳದೆ ಆಕೆಯ ಸ್ವಭಾವ ಹೇಳಲು ಬಾರದು. ಯಾವುದೋ ಯುಗದ ಹಿಮನದಿಯೊಂದು ಬಡಗಿನಿಂದ ಕಲ್ಲು, ಜೇಡಿ, ಮರಳು ಎಲ್ಲವನ್ನೂ ಒಟ್ಟಿಗೆ ಅರೆದು ತಂದು, ನ್ಯೂಯಾರ್ಕ್ ರಾಜ್ಯದ ತೆಂಕಣ ಗುಡ್ಡಗಳ ಮೇಲೆ ಸುರಿದು, ಯಾರಿಗೂ ಹೇಳದೆ ಕರಗಿಹೋಯಿತು. ಮೇಲೆ ಒಂದು ಗೇಣು ಕಪ್ಪು ಮಣ್ಣು. ಅದರಡಿ ತುಕ್ಕಿನ ಬಣ್ಣದ, ಬೂದಿಯ ಬಣ್ಣದ ಮಚ್ಚೆಗಳು ಕಲಸಿಕೊಂಡ ಕಂದು ಮಣ್ಣು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಇಟ್ಟಿಗೆಯಂತೆ ಬಿಗಿದ ಗಟ್ಟಿ ಪದರ. ಹಿಮ ಕರಗಿದ ನೀರು ಆ ಪದರದ ತನಕ ಇಳಿದು, ಮುಂದೆ ದಾರಿಗಾಣದೆ, ಗುಡ್ಡದ ನೆತ್ತಿಯಲ್ಲೂ ಬೀಡುಬಿಡುತ್ತದೆ. ಇದನ್ನು ಜೌಗು ಎಂದರೆ ಜೌಗಿಗೆ ಅವಮಾನ, ಒಣನೆಲ ಎಂದರೆ ನಮ್ಮ ಬೂಟುಗಳಿಗೆ ಅವಮಾನ. ತಡವಾಗಿ ಬಸಿಯುವ ನೆಲ, ಅಷ್ಟೆ. ಆಗಸ್ಟಿನಲ್ಲಿ ಬಂದವರ ಕಣ್ಣಿಗೆ ಧೂಳೆರಚಿ ನಂಬಿಸುತ್ತದೆ. ಗಟ್ಟಿ ಪದರವನ್ನು ಒಡೆದು ಕೆಳಗಿಳಿದರೆ ವಸಂತದಲ್ಲೂ ಅಡಿಯ ಮಣ್ಣು ಒಣಗಿಯೇ ಇರುತ್ತದೆ. ಎಲ್ಲರೂ ಮೋಸ ಹೋಗುವುದು ಅಲ್ಲಿಯೇ. ತೋಡಿದ ಗುಂಡಿಯೇ ಬೋಗುಣಿಯಾಗಿ, ಸುತ್ತಲಿನ ನೀರು ಪಕ್ಕದ ಗೋಡೆಗಳಿಂದ ಜಿನುಗಿ ಬಂದು, ಮರುದಿನಕ್ಕೆ ಅದರೊಳಗೆ ಆಕಾಶ ಕಾಣಿಸುತ್ತಿರುತ್ತದೆ.

ಇಂಥ ನೆಲದಲ್ಲಿ ಅಲ್ಮೀಡಾ ಗೋರಿ ತೋಡುತ್ತಿದ್ದಳು. ಗುಡ್ಡದ ಸ್ಮಶಾನಕ್ಕೆ ಆಕೆಯ ಅಪ್ಪ ತೋಡುತ್ತಿದ್ದ, ಅವನ ಗುದ್ದಲಿ ಹಾರೆಗಳು ಇವಳಿಗೆ ಬಂದವು. ಚಳಿಗಾಲದಲ್ಲಿ ಸತ್ತವರನ್ನು ಸ್ಮಶಾನದ ಬಾಗಿಲಲ್ಲಿರುವ ಕಲ್ಲುಕೋಣೆಯಲ್ಲಿ ಇರಿಸಿ, ನೆಲ ಸಡಿಲವಾದ ಮೇಲೆ ಹೂಳುವುದು ಇಲ್ಲಿನ ರೂಢಿ. ನೆಲ ಯಾವಾಗ ಸಿದ್ಧ ಎಂದು ಹೇಳುವ ಅಧಿಕಾರ ಅಲ್ಮೀಡಾಳದು. ಪ್ರತಿ ಗುಂಡಿಯಿಂದ ಎದ್ದುಬಂದ ಅತಿ ದೊಡ್ಡ ಕಲ್ಲನ್ನು ಆಕೆ ಬೇಲಿಗೋಡೆಗೆ ಸೇರಿಸುತ್ತಿದ್ದಳು. ಸಮಾಧಿಯ ಬರಹ ಮಾಸಿದರೂ, ಗೋಡೆಯ ಯಾವ ಕಲ್ಲು ಯಾರದೆಂದು ಊರು ಮರೆಯುತ್ತಿರಲಿಲ್ಲ. ಸತ್ತವರನ್ನು ಸುಡುವ ಕನ್ನಡದ ಮನೆಯಿಂದ ಬಂದ ನನ್ನನ್ನು ಈ ಹೂಳುವವರ ಸ್ಮಶಾನ ಸಮಿತಿಗೆ ಸೇರಿಸಿದ್ದು ಬೇರೆ ಯಾರೂ ಒಪ್ಪದ ಕಾರಣಕ್ಕೆ. ಮಣ್ಣಿನಿಂದ ಬಂದು ಮಣ್ಣಿಗೆ ಹೋಗುವೆವೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು, ನಿಜ. ನಡುವೆ ನೀರೊಂದು ಇದೆಯೆಂದು ಯಾವ ಸಿಸ್ಟರೂ ಹೇಳಿರಲಿಲ್ಲ.

ಇನ್ನು ಆ ಕೋಟು. ದಪ್ಪ ಕ್ಯಾನ್ವಾಸಿನದು, ಅಪ್ಪನದೇ, ಬೂದಿಯ ಮೇಲೆ ತುಕ್ಕು, ತುಕ್ಕಿನ ಮೇಲೆ ಬೂದಿ; ಗೋಡೆಗೆ ನೇತುಹಾಕಿದರೆ ಗುಡ್ಡದ ಒಂದು ಸೀಳನ್ನೇ ನೇತುಹಾಕಿದಂತೆ ಕಾಣುತ್ತಿತ್ತು. ಅದಕ್ಕೆ ಉಳಿದಿದ್ದುದು ಒಂದೇ ಗುಂಡಿ. ಮಿಕ್ಕ ಗುಂಡಿಗಳನ್ನೆಲ್ಲ ಆಕೆ ನೆಲದಲ್ಲಿ ತೋಡಿದ್ದಳೆಂದು ನಾನು ಕನ್ನಡದಲ್ಲಿ ನನ್ನೊಳಗೇ ನಗುತ್ತಿದ್ದೆ. ಹಂಚಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಗೋರಿ ತೋಡಿದ ಮರುದಿನ ಬೆಳಿಗ್ಗೆ ಅಲ್ಮೀಡಾ ಈ ಕೋಟು ತೊಟ್ಟು ಒಳಗಿಳಿದು, ತಳದ ಮೇಲೆ ಕುಳಿತು, ಗೋಡೆಗೆ ಬೆನ್ನು ಕೊಟ್ಟು, ಫ್ಲಾಸ್ಕಿನ ಕಾಫಿಯನ್ನು ಪೂರ್ತಿ ಕುಡಿಯುತ್ತಿದ್ದಳು. ಮೇಲೆ ಬಂದು ಕೋಟಿನ ಹಿಂಭಾಗವನ್ನು ಹಿಂಡಿ ನೋಡುತ್ತಿದ್ದಳು. ಒಣಗಿದ್ದರೆ ತಲೆಯಾಡಿಸುತ್ತಿದ್ದಳು. ಒದ್ದೆಯಾಗಿದ್ದರೆ ಎರಡೇ ಮಾತು: "ಜೂನ್ ಬರ್ಲಿ."

ಹವಾಮಾನ ಕೇಳಿದರೂ, ಮೊಣಕಾಲು ಹೇಗಿದೆಯೆಂದು ಕೇಳಿದರೂ, ಚರ್ಚಿಗೆ ಹೊಸ ಮಾಡು ಹೊದಿಸೋಣವೇ ಎಂದು ಕೇಳಿದರೂ ಅದೇ ಉತ್ತರ. ಸಮಿತಿಯಲ್ಲಿದ್ದ ಡೆಲ್ ಆರ್ಮ್ಸ್‌ಬಿ ಹಾಲಿನ ವ್ಯಾಪಾರಿ, ನಾಲಿಗೆ ಮಾತ್ರ ಮಜ್ಜಿಗೆ. "ನಾವೆಲ್ಲ ಕೈ ಎತ್ತೋದು ಸುಮ್ನೆ ವ್ಯಾಯಾಮಕ್ಕೆ," ಎನ್ನುತ್ತಿದ್ದ. "ಕೋಟು ಒಪ್ಪಬೇಕು!"

ಆ ಹಟಕ್ಕೊಂದು ಮೂಲವಿತ್ತು. ಅಲ್ಮೀಡಾ ಹುಡುಗಿಯಾಗಿದ್ದಾಗ ಅವಳ ತಾಯಿಯನ್ನು ಏಪ್ರಿಲಿನಲ್ಲಿ ಹೂತರು. ಅಪ್ಪ ಆ ಮುಂಜಾನೆ ತೋಡಿದ ಗುಂಡಿ ನೋಡಲು ಒಣಗಿಯೇ ಇತ್ತು. ಪಾದ್ರಿ ಬರುವುದು ತಡವಾಯಿತು. ಪೆಟ್ಟಿಗೆ ಇಳಿಸಿದಾಗ ತಳದಿಂದ 'ಗುಳಕ್' ಎಂದು ಸದ್ದು ಬಂತು, ಹಗ್ಗ ಸಡಿಲಾಯಿತು, ಪೆಟ್ಟಿಗೆ ಒಮ್ಮೆ ತೇಲಿ ಪಕ್ಕಕ್ಕೆ ಹೊರಳಿತು. ಅಕ್ಕನ ಕೈ ಹಿಡಿದು ನಿಂತಿದ್ದ ಪುಟ್ಟ ತಮ್ಮ ಲೈಲ್, "ಅಮ್ಮ ನೀರು ನುಂಗಿದ್ಲು," ಎಂದನಂತೆ. ಅಪ್ಪ ಅಂದಿನಿಂದ ಆ ಕೋಟಿನಲ್ಲಿ ಗುಂಡಿಗಿಳಿದು ಕೂರತೊಡಗಿದ. ಲೈಲ್ ಮುದುಕನಾಗುವ ತನಕ ಜೌಗು ಹುಲ್ಲುಗಾವಲಿನಲ್ಲಿ ಹಸು ಕಟ್ಟಿಕೊಂಡೇ ಆಯುಷ್ಯ ಸವೆಸಿ, ಕೊನೆಯ ಕಾಯಿಲೆಯಲ್ಲಿ ಅಕ್ಕನಿಂದ ಪಡೆದ ಭಾಷೆ ಒಂದೇ: ತನ್ನನ್ನು ಇಳಿಸುವಾಗ ಆ ಸದ್ದು ಬರಬಾರದು.

ಅವನು ಫೆಬ್ರುವರಿಯಲ್ಲಿ ಸತ್ತು ಕಲ್ಲುಕೋಣೆ ಸೇರಿದ. ಏಪ್ರಿಲಿನ ಒಂದು ಭಾನುವಾರ ಚರ್ಚಿನ ನೆಲಮಾಳಿಗೆಯ ಊಟದಲ್ಲಿ, ಆಪಲ್ ಪೈ ಹಂಚುವ ಹೊತ್ತಿಗೆ, ಅವನ ಹೆಂಡತಿ ಕೊರೀನ್ ಅಲ್ಮೀಡಾಳ ಎದುರು ಬಂದು ಕುಳಿತಳು.

"ಮೇ ತಿಂಗಳು ಹುಟ್ತಿದ್ದ ಹಾಗೆ ನನ್ನ ಎದೆ ಸೀಳ್ತಾರಂತೆ. ಹೃದಯದ ಬಾಗ್ಲು ಕೆಟ್ಟಿದೆ ಅಂತ ಡಾಕ್ಟ್ರು. ಅದಕ್ಕೆ ಮುಂಚೆ ಲೈಲ್‌ನ ಮಣ್ಣು ಮಾಡ್ಬೇಕು, ಅಲ್ಮೀಡಾ."

"ಜೂನ್ ಬರ್ಲಿ."

"ಜೂನ್ ಬಂದೇ ಬರತ್ತೆ ಕಣೇ. ನಾನು ಬರ್ತೀನಾ ಹೇಳು."

ಡೆಲ್ ವಾತಾವರಣ ಹಗುರ ಮಾಡಲು, "ಕೋಟನ್ನ ಕೇಳ್ನೋಡು ಕೊರೀನ್, ಇವಳಿಗಿಂತ ಅದು ಮೆದು," ಎಂದ.

"ಅವ್ನಿಗೆ ಮಾತು ಕೊಟ್ಟಿದೀನಿ," ಎಂದಳು ಅಲ್ಮೀಡಾ, ತಟ್ಟೆಯನ್ನೇ ನೋಡುತ್ತ. "ಆ ಸದ್ದು ಬರಲ್ಲ ಅಂತ."

"ಸದ್ದು, ಸದ್ದು! ಸತ್ತೋಳ ಸದ್ದು ಇಷ್ಟು ವರ್ಷ ಆದ್ರೂ ಕೇಳತ್ತೆ ನಿಂಗೆ. ಬದುಕಿರೋಳು ಎದುರು ಕೂತು ಬಾಯಿ ಬಿಟ್ಟು ಕೇಳ್ತಿದೀನಿ, ಅದು ಕೇಳಲ್ಲ."

ಅಲ್ಮೀಡಾ ಫೋರ್ಕನ್ನು ಪೈಯಲ್ಲಿ ನೆಟ್ಟು, ಹಾಗೆಯೇ ಬಿಟ್ಟು, ಮಂಡಿಯೆತ್ತಿ ಮಂಡಿಯೆತ್ತಿ ಮೆಟ್ಟಿಲೇರಿ ಹೊರಟುಹೋದಳು. ಆ ಮೆಟ್ಟಿಲುಗಳ ಮೇಲೆ ಮಾತ್ರ ಆಕೆಯ ನಡಿಗೆ ಎಲ್ಲರಂತೆಯೇ ಕಾಣುತ್ತಿತ್ತು.

ಆ ವಾರವೇ ಸ್ಮಶಾನದಿಂದ ಹಾರೆಯ ಸದ್ದು ಕೇಳಿಸಿತು. ಹೂಳುವ ಹಿಂದಿನ ದಿನ ನಾನು ಸಮಿತಿಯ ಪುಸ್ತಕಕ್ಕೆ ಗೋರಿಯ ಲೆಕ್ಕ ಬರೆಯಲೆಂದು ಅತ್ತ ಹೋದಾಗ ಆಕೆ ಗುಂಡಿಯೊಳಗಿಂದ ಹಾಲಿನ ಬಕೆಟ್ಟಿನಲ್ಲಿ ನೀರು ಮೊಗೆದು ಮೊಗೆದು ಚೆಲ್ಲುತ್ತಿದ್ದಳು. ಗುಂಡಿಯ ಮೇಲುಗಡೆ ಓರೆಯಾಗಿ ಒಂದು ಕಾಲುವೆ ಕಡಿದು, ಬರುವ ನೀರನ್ನು ಬೇಲಿಯತ್ತ ತಿರುಗಿಸಿದ್ದಳು. ಆದರೂ ಗೋಡೆಯ ಬೂದಿ ಮಚ್ಚೆಗಳಿಂದ ಸಣ್ಣ ಹನಿಗಳು, ಅಳು ತಡೆದವರ ಕಣ್ಣಿನಂತೆ, ತುಂಬಿಕೊಳ್ಳುತ್ತಲೇ ಇದ್ದವು. ನಾನು ನಿಂತುದನ್ನು ನೋಡಿ ಆಕೆ ಹೇಳಿದ್ದಿಷ್ಟೆ: "ಸುಮ್ನೆ ನಿಂತಿದ್ರೆ ಆ ಪೈನ್ ರೆಂಬೆ ಕಡ್ಕೊಡಿ. ಎಳೇದು. ಒಣ ಕಡ್ಡಿ ಬೇಡ."

ಮರುದಿನ ನಾವೆಲ್ಲ ಸೇರಿದಾಗ ಅಲ್ಮೀಡಾ ಗುಂಡಿಯ ಅಂಚಿನಲ್ಲಿ ಬರಿಯ ಅಂಗಿಯಲ್ಲಿ ನಿಂತಿದ್ದಳು. ಬೆಳಗಿನ ಚಳಿಗೆ ನಮ್ಮ ಹಲ್ಲು ಕಟಕಟಿಸುತ್ತಿತ್ತು.

"ಕೋಟೆಲ್ಲಿ ಅಲ್ಮೀಡಾ?" ಎಂದ ಡೆಲ್, ಅಭ್ಯಾಸಬಲದಿಂದ.

"ಒಗೆಯೋಕೆ ಹಾಕಿದೀನಿ."

ಆ ಕೋಟಿಗೆ ಸಾಬೂನು ಸೋಕಿದ್ದನ್ನು ಗುಡ್ಡದಲ್ಲಿ ಯಾರೂ ಕಂಡವರಲ್ಲ. ಡೆಲ್ ಬಾಯಿ ತೆರೆದವನು ಮುಚ್ಚಿಕೊಂಡ. ಅವನ ಜೀವಮಾನದಲ್ಲಿ ಅದೊಂದು ಘಟನೆ. ಪಾದ್ರಿ ಪ್ರಾರ್ಥನೆಯ ಹಾಳೆಯಲ್ಲಿ ಕಣ್ಣು ಹೂತರು. ಹಗ್ಗ ಸಡಿಲಿಸತೊಡಗಿದಂತೆ, ಹೇಳಿಕೊಟ್ಟವರಂತೆ ಎಲ್ಲರೂ ಉಸಿರು ಹಿಡಿದೆವು. ಅಲ್ಮೀಡಾ ಕಣ್ಣು ಮುಚ್ಚಿದ್ದಳು. ಎಡಗೈ ಮಾತ್ರ ಪಕ್ಕದಲ್ಲಿ ಅರ್ಧ ಮಡಚಿ ಇಳಿಬಿದ್ದಿತ್ತು, ಸಣ್ಣ ಕೈಯೊಂದನ್ನು ಹಿಡಿದುಕೊಂಡಂತೆ. ಪೆಟ್ಟಿಗೆ ತಳ ಸೇರಿತು. ದಪ್ಪನೆಯ ಹಾಸಿನಲ್ಲಿ ಪೈನ್ ರೆಂಬೆಗಳು ಒಂದಕ್ಕೊಂದು ಒರಗಿ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಸಿಗೆಯಂತೆ ಸರಸರ ಎಂದವು. ಬೇರೆ ಸದ್ದು ಬರಲಿಲ್ಲ.

ಕೊರೀನ್ ಹತ್ತಿರ ಬಂದು ಅಲ್ಮೀಡಾಳ ತೋಳು ಹಿಡಿದಳು. ಅಂಗಿ ಭುಜದವರೆಗೂ ತೊಯ್ದಿತ್ತು.

"ಒದ್ದೆಯಾಗಿದೀಯ."

"ಬೆವರು."

"ಹೂಂ. ಬೆವರು ಇಷ್ಟು ತಣ್ಣಗಿರತ್ತಾ?" ಕೊರೀನ್ ತೋಳು ಬಿಡಲಿಲ್ಲ. "ಹೋಗ್ಲಿ ಬಿಡೇ. ಒದ್ದೆ ಬೂಟಲ್ಲೇ ಬದುಕಿದೋನು ನಿನ್ ತಮ್ಮ. ಕಾಲು ಒಣಗಿದ್ರೆ ನಿದ್ದೆ ಬರ್ತಿರ್ಲಿಲ್ಲ ಅವ್ನಿಗೆ."

ಇಬ್ಬರೂ ನಕ್ಕರು. ಆ ನಗು ಎಲ್ಲಿ ಮುಗಿದು ಅಳು ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯಲು ನಮ್ಮಿಂದ ಆಗಲಿಲ್ಲ. ನಮ್ಮ ಗುಡ್ಡದಲ್ಲಿ ನೆಲಕ್ಕೂ ನೀರಿಗೂ ನಡುವೆ ಅಂಥ ಗೆರೆ ಇಲ್ಲವೇ ಇಲ್ಲ.

ಕೊರೀನ್ ಆಸ್ಪತ್ರೆಯಿಂದ ಬಂದಳು. ಬಡಕಲಾಗಿ, ಕೋಲೂರಿಕೊಂಡು, ಜೂನಿನಲ್ಲಿ ನಮ್ಮೊಡನೆ ಗುಡ್ಡ ಹತ್ತಿದಳು. ಅಲ್ಮೀಡಾ ಆಗಲೇ ಅಲ್ಲಿದ್ದಳು, ತಮ್ಮನ ಗೋರಿಯ ಕುಸಿದ ಮಣ್ಣಿನ ಮೇಲೆ ಕಾಲು ಚಾಚಿ, ಮೈಮೇಲೆ ಅದೇ ಕೋಟು, ಒಗೆದ ಲಕ್ಷಣ ಎಳ್ಳಷ್ಟೂ ಇಲ್ಲ. ಫ್ಲಾಸ್ಕಿನ ಕೊನೆಯ ಗುಟುಕನ್ನು ಅತ್ತಿಗೆ ನಾದಿನಿಯರು ಹಂಚಿಕೊಂಡರು. ಬಳಿಕ ಅಲ್ಮೀಡಾ ಎದ್ದು ಕೋಟಿನ ಹಿಂಭಾಗವನ್ನು ಹಿಂಡಿ ನೋಡಿ, ಕೊರೀನಳ ಕೈಗೂ ಕೊಟ್ಟು ನೋಡಿಸಿದಳು.

"ಜೂನ್ ಬಂತು," ಎಂದಳು.

ಹಾಗೆ ಎರಡಕ್ಷರ ಬದಲಾದುದನ್ನು ನಾವು ಕೇಳಿದ್ದು ಅದೊಂದೇ ಸಲ. ಮರುವಾರ ಗೋಡೆಯ ಮೇಲೆ ಲೈಲ್‌ನ ಕಲ್ಲು ಕುಳಿತಿತ್ತು.

ಲೋಕದಲ್ಲಿ ಮರಳಿನಂಥ ಜನರಿದ್ದಾರೆ. ಸುರಿದ ದುಃಖವೆಲ್ಲ ಸಂಜೆಯೊಳಗೆ ಇಳಿದುಹೋಗಿ, ಮರುದಿನ ಉಳಲು ಸಿದ್ಧರಾಗುತ್ತಾರೆ. ಕೆರೆಯಂಥವರೂ ಇದ್ದಾರೆ, ಅವರ ನೀರು ಎಲ್ಲರಿಗೂ ಕಾಣುವುದರಿಂದ ಎಲ್ಲರೂ ದಡದಲ್ಲಿ ಬಂದು ಕೂರುತ್ತಾರೆ. ಅಲ್ಮೀಡಾಳ ಕುಲದವರು ಇವೆರಡರ ನಡುವಿನವರು. ಮೊಣಕಾಲಿನಾಳದಲ್ಲಿ ಏನೋ ಬಿಗಿದುಕೊಂಡಿರುತ್ತದೆ, ಬಂದದ್ದು ಅದರ ಮೇಲೆ ನಿಲ್ಲುತ್ತದೆ, ಯಾವ ಅವಸರಕ್ಕೂ ಬಗ್ಗದೆ ತನ್ನ ಕಾಲಕ್ಕೇ ಬಸಿಯುತ್ತದೆ. ಬಸಿದ ಮೇಲೂ ತುಕ್ಕು, ಬೂದಿ ಮಚ್ಚೆಗಳಾಗಿ ಒಳಗೆ ಉಳಿಯುತ್ತದೆ. ಅಂಥವರನ್ನು ಅರಿಯಬೇಕಾದರೆ ಅವರ ಏಪ್ರಿಲಿನಲ್ಲಿ ಹೋಗಬೇಕು, ಬೂಟು ಕಳೆದುಕೊಳ್ಳಲು ಸಿದ್ಧರಾಗಿ. ಆಗಸ್ಟಿನಲ್ಲಿ ಬಂದು ಧೂಳು ಕೊಡವಿಕೊಂಡು ಹೋದವರು ಅವರನ್ನು ಒಣ ಜನವೆಂದೇ ಹೇಳುತ್ತಾರೆ.