ಏಣಿ ಹಿಡಿದವನು

ನಾನು ಸೋಮಾರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಕನಿಕರ ಪಡುವುದು ಬೇಡ.

ನನ್ನ ಪಿಎಚ್‌ಡಿ ಸೊಂಟದ ಕೀಲಿನ ಮೇಲೆ. ಕೆಲವು ಕುಟುಂಬಗಳಲ್ಲಿ ಆ ಕೀಲು ನಲವತ್ತು ತುಂಬುವುದರೊಳಗೆ ಸವೆದುಹೋಗುತ್ತದೆ. ಅಂಥವರ ಒಂದು ಜೀನಿನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾಗಿರುವುದನ್ನು ನಾಲ್ಕು ವರ್ಷ ಒದ್ದಾಡಿ ಹಿಡಿದಿದ್ದೆ. ಆರೋಗ್ಯವಂತರಲ್ಲಿ ಅದು ಇಲ್ಲವೆಂದು ತೋರಿಸುವುದಷ್ಟೇ ಬಾಕಿ. ಆರೋಗ್ಯವಂತರು ಸಾಲದೇ ಹೋದಾಗ ಲ್ಯಾಬಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ನನ್ನ ತೋಳು ಚಾಚಿದೆ, ಅಣ್ಣನನ್ನೂ ಎಳೆದು ತಂದೆ. ಒಂದೇ ದಿನ ಎರಡು ಟ್ಯೂಬು, ಹದಿನೇಳು ಮತ್ತು ಹದಿನೆಂಟು. ಯಾವುದು ಯಾರದೆಂಬ ಪಟ್ಟಿ ಆಪ್ತಸಮಾಲೋಚಕಿಯ ಬೀರುವಿನಲ್ಲಿ ಬೀಗದೊಳಗೆ.

ಒಪ್ಪಿಗೆ ಪತ್ರದ ಕೊನೆಗೆ ಒಂದು ಪ್ರಶ್ನೆಯಿತ್ತು: ಫಲಿತಾಂಶವನ್ನು ನಿಮಗೆ ತಿಳಿಸಬೇಕೆ? 'ಹೌದು' ಎಂದರೆ ಸಮಾಲೋಚಕಿಯ ಎದುರು ಅರ್ಧ ಗಂಟೆ ಕೂರಬೇಕು. ಅಣ್ಣನಿಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು, ನನಗೆ ಬೇಜಾರು. ಇಬ್ಬರ ಪತ್ರದಲ್ಲೂ 'ಬೇಡ' ಎಂಬಲ್ಲಿ ನಾನೇ ಗುರುತು ಹಾಕಿದೆ. ಅವನು ಓದದೆ ಸಹಿ ಮಾಡಿದ.

ಈ ವಾರ ಫಲಿತಾಂಶ ಬಂತು. ಹದಿನೇಳರಲ್ಲಿ ಆ ಹಾಳು ಅಕ್ಷರ ಕೂತಿತ್ತು.

ಗೈಡ್ ಪರದೆ ನೋಡಿ, "ಯಾರೋ ಪಾಪ, ಇನ್ನೂ ನೋವು ಶುರುವಾಗಿಲ್ಲ ಅಷ್ಟೆ. ಬರ್ಕೊಂಡು ಮುಂದಕ್ಕೆ ಹೋಗು," ಎಂದರು. ಯಾರೋ ಪಾಪವಂತೆ! ನಮ್ಮಿಬ್ಬರಲ್ಲಿ ಒಬ್ಬರು. ನನಗೆ ಮೊದಲು ಹತ್ತಿದ್ದು ನನ್ನದೇ ಚಿಂತೆ. ಸಮಾಲೋಚಕಿಯ ಬಳಿ ಓಡಿ ನನ್ನ ಪತ್ರವನ್ನು 'ಹೌದು' ಎಂದು ತಿದ್ದಿದೆ. ಅರ್ಧ ಗಂಟೆ ಉಗುರು ಕಚ್ಚುತ್ತ ಕೂತೆ. ಅವರು ಬೀರು ತೆಗೆದು ನೋಡಿ ನಕ್ಕರು. "ನಿನ್ನಲ್ಲಿ ಇಲ್ಲಮ್ಮ."

ಒಂದು ಕ್ಷಣ ಹಾಯೆನಿಸಿತು. ಆ ಕ್ಷಣಕ್ಕಾಗಿ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ. ನನ್ನದಲ್ಲವೆಂದರೆ ಅಣ್ಣನದು. ನನ್ನ ಮುಖ ನೋಡಿದ್ದೇ ಅವರ ನಗುವೂ ನಿಂತಿತು. "ನಾನೇನೂ ಹೇಳಿಲ್ಲ. ನೀನೂ ಹೇಳೋ ಹಾಗಿಲ್ಲ. ತಿಳ್ಕೋಬೇಕು ಅನ್ನಿಸಿದ್ರೆ ಅವರೇ ತಿದ್ದಿ ಕೊಡಲಿ," ಎಂದು ಖಾಲಿ ಪತ್ರವೊಂದನ್ನು ಕೈಗಿಟ್ಟರು.

ಅಣ್ಣ ಟೈಲ್ಸ್ ಹಾಕುತ್ತಾನೆ. ಅಪ್ಪನೂ ಅದೇ ಕೆಲಸದವನು. ಮೂವತ್ತೆಂಟನೇ ವಯಸ್ಸಿಗೆ ಅಪ್ಪ ಏಣಿಯಿಂದ ಬಿದ್ದ, ಆಮೇಲೆ ಸಾಯುವವರೆಗೂ ಕೋಲೇ ಗತಿ. ಅಂದು ಕೆಳಗೆ ಏಣಿ ಹಿಡಿದಿದ್ದವನು ಹದಿಮೂರು ವರ್ಷದ ಅಣ್ಣ. ಮನೆಯಲ್ಲಿ ಯಾರೂ ಅವನನ್ನು ಒಂದು ಮಾತು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವನು ತಾನಾಗಿಯೇ ಶಾಲೆ ಬಿಟ್ಟು ಅಪ್ಪನ ಕರಣೆ ಹಿಡಿದ, ನನ್ನನ್ನು ಓದಿಸಿದ. ಇಂದಿಗೂ ಅವನ ಎದುರು ಏಣಿಯ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾನೆ.

ಹೊಸ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವನು ಮಂಡಿಯೂರಿ ಕೂತಿದ್ದ. ಅಂಟು ಬಳಿದಾಗಿತ್ತು, ಅದು ಒಣಗುವ ಮೊದಲು ಸಾಲು ಮುಗಿಸಬೇಕು.

"ಏನ್ ಅರ್ಧ ಡಾಕ್ಟ್ರೇ, ದಾರಿ ತಪ್ಪಿ ಬಂದ್ರಾ?" ಎಂದ, ತಲೆಯೆತ್ತದೆ. ಪದವಿ ಕೈಗೆ ಬರುವವರೆಗೆ ನಾನು ಅವನಿಗೆ ಅರ್ಧವೇ.

"ಅಣ್ಣ, ಆವತ್ತು ರಕ್ತ ಕೊಟ್ಟಾಗ ಪತ್ರದಲ್ಲಿ 'ಬೇಡ' ಅಂತ ನಾನೇ ಹಾಕ್ಬಿಟ್ಟೆ. ನಿನ್ನನ್ನ ಕೇಳ್ಬೇಕಿತ್ತು. ಈಗ ನೀನೇ ಓದಿ, ನಿಂಗೆ ಸರಿ ಅನ್ನಿಸಿದ್ದು ಹಾಕು."

"ಯಾಕೆ ಈಗ?"

"ಸುಮ್ನೆ."

"ಸುಮ್ನೆ ಅನ್ನೋಕೆ ನಾಲ್ಕು ಮಹಡಿ ಹತ್ತಿದ್ಯಾ? ಮುಖ ಕನ್ನಡೀಲಿ ನೋಡ್ಕೊಂಡಿದ್ಯಾ?"

ನಾನು ಪತ್ರವನ್ನು ಅವನ ಮುಂದೆ ಚಾಚಿದೆ. ಅವನು ಕರಣೆ ಕೆಳಗಿಟ್ಟು ಏಳಲು ಹೋದ. ಎಡಗೈ ತೊಡೆಯ ಮೇಲೂರಿ, ಅರ್ಧಕ್ಕೆ ನಿಂತು, ಹಲ್ಲು ಕಚ್ಚಿ, ಮತ್ತೆ ಎದ್ದ. ನಾನು ನೋಡಿದ್ದನ್ನು ಅವನು ಗಮನಿಸಿದ.

"ನಾಲ್ಕೈದು ತಿಂಗಳಾಯ್ತು," ಎಂದ. "ಕೂತ್ರೆ ಸೊಂಟ ಹಿಡ್ಕೊಂಡ್ಬಿಡುತ್ತೆ. ನೀನು ಆಗ ಚಿಕ್ಕವಳು, ನಿಂಗೆ ನೆನಪಿರಲ್ಲ. ಅಪ್ಪನೂ ಹೀಗೇ ಏಳ್ತಿದ್ದ. ಬೀಳೋಕೆ ಮುಂಚೇನೇ."

ಇನ್ನೊಮ್ಮೆ ತುಟಿಯಲ್ಲೇ ಅಂದುಕೊಂಡ: ಬೀಳೋಕೆ ಮುಂಚೇನೇ.

ಪತ್ರ ಕಿತ್ತುಕೊಂಡು ಮೊದಲ ಸಾಲಿನಿಂದ ಓದಿದ. ಒಂದೊಂದೇ ಸಾಲು, ಬೆರಳಿಟ್ಟು; 'ಸೊಂಟದ ಕೀಲು, ವಂಶಪಾರಂಪರ್ಯ' ಎಂಬಲ್ಲಿ ಬೆರಳು ತಡೆಯಿತು. ಹಿಂದೆ ಅಂಟು ಒಣಗುತ್ತಿತ್ತು, ಅವನು ಅತ್ತ ತಿರುಗಿಯೂ ನೋಡಲಿಲ್ಲ. 'ಹೌದು' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದ.

"ಏಣಿ ಅಲ್ಲಾಡ್ಲೇ ಇಲ್ಲ ಕಣೇ," ಎಂದ. ಇಪ್ಪತ್ಮೂರು ವರ್ಷಕ್ಕೆ ಮೊದಲ ಸಲ. "ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೆ."

ನಾನು ಏನೂ ಹೇಳುವ ಹಾಗಿರಲಿಲ್ಲ. ಆದರೂ ಹೇಳಿದೆ.

"ಗೊತ್ತಣ್ಣ."